ಟೇಲ್‌ಸ್ಟಾಕಿನ ಸಾಲಾವಳಿ

ಸ್ಟೀಲ್ ಲೋಟಗಳು ಒಂದರೊಳಗೊಂದು ಕಚ್ಚಿಕೊಂಡು, ಎಷ್ಟು ಎಳೆದರೂ ಬಿಡದೆ ಕೂತದ್ದನ್ನು ನೋಡದ ಅಡುಗೆಮನೆ ಇರಲಾರದು. ಹೊರಗಿನದನ್ನು ಬಿಸಿನೀರಿಗಿಟ್ಟು ಒಳಗಿನದಕ್ಕೆ ತಣ್ಣೀರು ಸುರಿಯುವವರಿದ್ದಾರೆ, ಕಟ್ಟೆಯ ಅಂಚಿಗೆ ಕುಟ್ಟುವವರಿದ್ದಾರೆ, ಸೋತು ಸುಣ್ಣವಾಗಿ ಎರಡನ್ನೂ ಒಂದೇ ಲೋಟವೆಂದು ಒಪ್ಪಿಕೊಂಡು ಅದರಲ್ಲೇ ಕಾಫಿ ಕುಡಿಯುವವರೂ ಇದ್ದಾರೆ. ನಾನು ಕೊನೆಯ ಗುಂಪಿನವನು. ಆ ಲೋಟಗಳನ್ನು ಹಿಡಿದಿಟ್ಟಿರುವುದು ಅಂಟಲ್ಲ, ಸ್ಕ್ರೂ ಅಲ್ಲ. ಎರಡರ ಇಳಿಜಾರೂ ಒಂದೇ ಆಗಿರುವುದಷ್ಟೇ ಅದರ ಗುಟ್ಟು. ಬೇರೆ ಬೇರೆ ಅಂಗಡಿಯ ಎರಡು ಲೋಟ ಒಂದರೊಳಗೊಂದು ಇಟ್ಟು ನೋಡಿ; ಕೂತಂತೆ ಕಾಣುತ್ತವೆ, ಮುಟ್ಟಿದರೆ ಲೊಟಲೊಟ ಅನ್ನುತ್ತವೆ.

ಬೊಮ್ಮಸಂದ್ರದಲ್ಲಿ ನಮ್ಮದೊಂದು ಬಾಡಿಗೆ ಶೆಡ್ಡು, ಶೆಡ್ಡಿನಲ್ಲೊಂದು ಹಳೆಯ ಲೇತು. ಅದರಲ್ಲಿ ಡ್ರಿಲ್ ನಿಲ್ಲುವುದೂ ಇದೇ ನ್ಯಾಯದ ಮೇಲೆ. ಲೇತಿನ ಎಡತುದಿಯಲ್ಲಿ ಲೋಹದ ತುಂಡು ಗಿರಗಿರ ತಿರುಗುತ್ತದೆ. ಬಲತುದಿಯಲ್ಲಿ, ಜಗಲಿ ಮೇಲೆ ಕೂತ ಯಜಮಾನನ ಹಾಗೆ, ತಾನು ಮಾತ್ರ ತಿರುಗದೆ ಕೂತಿರುವುದು ಟೇಲ್‌ಸ್ಟಾಕು. ಅದರ ಬಾಯಿ ಒಳಹೋದಂತೆಲ್ಲ ಕಿರಿದಾಗುವ ಒಂದು ತೂತು. ತಿರುಗುವ ತುಂಡಿನ ನಡುವೆ ಕೊರೆಯಬೇಕಾದರೆ, ಡ್ರಿಲ್ಲನ್ನು ಮೂರು ಬೆರಳಿನಲ್ಲಿ ಹಿಡಿದುಕೊಳ್ಳುವ ಚಕ್ಕನ್ನು ಆ ಬಾಯಿಗೆ ಸಿಕ್ಕಿಸಬೇಕು. ಚಕ್ಕು ನೇರವಾಗಿ ಅಲ್ಲಿಗೆ ಸೇರುವುದಿಲ್ಲ. ನಡುವೆ ಆರ್ಬರ್ ಎಂಬ ಉಕ್ಕಿನ ಗೂಟ ಬೇಕು. ಅದರ ಉದ್ದನೆಯ ತುದಿ ಟೇಲ್‌ಸ್ಟಾಕಿನ ಬಾಯಿಗೆ, ಮೋಟು ಮೂಗಿನಂಥ ಇನ್ನೊಂದು ತುದಿ ಚಕ್ಕಿನ ಬೆನ್ನಿಗೆ. ಎರಡು ಕಡೆಯೂ ಇಳಿಜಾರು, ಕಸುಬಿನವರು ಟೇಪರ್ ಅನ್ನುವುದು, ಕೂದಲೆಳೆಯಷ್ಟೂ ತಪ್ಪಬಾರದು.

“ತವರಿಗೂ ಹೊಂದ್ಕೋಬೇಕು, ಗಂಡನ ಮನೆಗೂ ಹೊಂದ್ಕೋಬೇಕು. ಆಮೇಲೂ ತಲೆ ಮೇಲೆ ಬಡಿಸ್ಕೋಬೇಕು” ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಕೂರಿಸುವಾಗ ಮರದ ಕೊಡತಿಯಿಂದ ಬಡಿಯುವುದು ನಮ್ಮ ಕಸುಬಿನ ರೂಢಿ. ಆ ಮಾತು ಆರ್ಬರಿನ ಬಗ್ಗೆಯೇ ಎಂದು ನಾನು ನಂಬಿಕೊಂಡಿದ್ದೇನೆ.

ನಾನು ಮೂಲದಲ್ಲಿ ಲೇತಿನವನಲ್ಲ. ದೊಡ್ಡ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವನು. ಇನ್ನೊಬ್ಬರು ಬೆವರು ಸುರಿಸಿ ಮಾಡಿದ್ದನ್ನು ತಣ್ಣಗೆ ಕೂತು ಅಳೆದು, ಸರಿಯಿಲ್ಲ ಅನ್ನುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ಅನುಮಾನವೇ ನನ್ನ ಉದ್ಯೋಗ. ಮನೆಯಲ್ಲಿ ಅದೇ ಓವರ್‌ಟೈಮ್, ಬಿಟ್ಟಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಚಂದಾಪುರದ ಮನೆಗೆ ವಾಪಸು ಓಡಿದ್ದೇನೆ. ಹೆಂಡತಿ ತವರಿಗೆ ಹೋಗಿದ್ದ ದಿನ ಅದು. ನಾನು ಗ್ಯಾಸ್ ಹಚ್ಚಿಯೇ ಇರಲಿಲ್ಲ. ಕಾರ್ಖಾನೆ ಬೇರೆ ರಾಜ್ಯಕ್ಕೆ ಗಂಟು ಕಟ್ಟಿದಾಗ ಕೈಗೆ ಬಂದದ್ದರಲ್ಲಿ ಈ ಲೇತು ಕೊಂಡೆ.

ಕೊಂಡ ಹೊಸತರಲ್ಲಿ ಅದಕ್ಕೊಂದು ಆರ್ಬರ್ ತರಬೇಕಾಯಿತು. ಟೇಲ್‌ಸ್ಟಾಕಿನ ಬಾಯಿ ಮೂರನೇ ನಂಬರಿನ ಅಳತೆಯದೆಂದು ಮಾರಿದವನು ಹೇಳಿದ್ದ. ಮಾರಿದವನ ಮಾತನ್ನು ಇನ್ಸ್‌ಪೆಕ್ಟರ್ ನಂಬುವುದುಂಟೆ? ಮೇಣದ ಬತ್ತಿ ಕರಗಿಸಿ ಆ ಬಾಯೊಳಗೆ ಸುರಿದು, ಗಟ್ಟಿಯಾದ ಮೇಲೆ ಎಳೆದು, ಅಚ್ಚು ತೆಗೆದೆ. ಅಚ್ಚು ಮುದ್ದಾಗಿ ಬಂದಿತ್ತು. ಅದನ್ನು ಪೇಪರಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬೇಸಗೆಯ ಮಧ್ಯಾಹ್ನ ಕಿಟಕಿ ಪಕ್ಕ ಕೂತು, ಬಸ್ಸು ಬದಲಿಸಿ ಪೀಣ್ಯ ತಲುಪಿದೆ. ಟೂಲ್ಸ್ ಅಂಗಡಿಯವರು ಪೇಪರ್ ಬಿಚ್ಚಿ, ಬಾಗಿ ಮಲಗಿದ್ದ ಮೇಣವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ಸಾರ್, ಇದು ಟೇಪರ್ರಾ, ಬಾಳೆಹಣ್ಣಾ?” ಆಮೇಲೆ ಮೂರನೇ ನಂಬರಿನ ಆರ್ಬರನ್ನೇ ಕೊಟ್ಟರು. ಅದೇ ಸರಿಹೋಯಿತು. ನಂಬಿದ್ದರೆ ಬೆಳಗಿನ ಹೊತ್ತೇ ಮುಗಿಯುತ್ತಿದ್ದ ಕೆಲಸ.

ಹೀಗೆ ಬಂದ ಆ ಆರ್ಬರು ಕನ್ನಡಿಯಂತೆ ಥಳಥಳ. ಅದಕ್ಕೆ ಗಂಟುಬಿದ್ದದ್ದು ಲೇತಿನ ಜೊತೆಯಲ್ಲೇ ಬಂದಿದ್ದ ಹಳೆಯ ಚಕ್ಕು; ಮೈಯೆಲ್ಲ ಮಸಿ ಬಣ್ಣ. ಕೆಲವು ವರ್ಷದ ಮೇಲೆ ಹೊಸದೊಂದು ಚಕ್ಕು ಕೊಂಡೆವು. ಅದು ಥಳಥಳ, ಅದರ ಜೊತೆಗೆ ಬಂದ ಆರ್ಬರು ಕಪ್ಪು. ಎರಡೂ ಆರ್ಬರುಗಳ ಉದ್ದನೆಯ ತುದಿ ಟೇಲ್‌ಸ್ಟಾಕಿಗೆ ಸರಿಯಾಗಿ ಕೂರುತ್ತದೆ. ಆದರೆ ಚಕ್ಕಿಗೆ ಹೋಗುವ ಮೂಗು ಬೇರೆ ಬೇರೆ ಇಳಿಜಾರಿನದು. ಕಣ್ಣಿಗೆ ಮಾತ್ರ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಜೋಡಿಗಳನ್ನು ಯಾವತ್ತೂ ಬಿಡಿಸಿರಲಿಲ್ಲವಾದ್ದರಿಂದ ಯಾವುದು ಯಾರದೆಂದು ನೆನಪಿಟ್ಟುಕೊಳ್ಳುವ ಗೋಜೂ ಬಂದಿರಲಿಲ್ಲ. ಮದುವೆಯಾಗಿ ಮಕ್ಕಳಾದವರ ಜಾತಕವನ್ನು ಯಾರು ಹುಡುಕುತ್ತಾರೆ?

ಈಚೆಗೆ ನನ್ನ ಸೊಂಟ ಕೈಕೊಟ್ಟಿತು. ಲೇತಿನ ಮುಂದೆ ಹೊತ್ತುಗಟ್ಟಲೆ ನಿಲ್ಲಬಾರದೆಂದು ಡಾಕ್ಟರು ಹೇಳಿದರು.

“ಮಾರ್ಬಿಡೋಣ” ಎಂದೆ ಹೆಂಡತಿಗೆ.

“ಯಾಕೆ, ಲೇತಿಗೂ ಸೊಂಟ ನೋವಾ?”

“ತಮಾಷೆ ಬಿಡು. ನಿಲ್ಲೋರು ಯಾರು?”

“ನಾನ್ ನಿಲ್ತೀನಿ.”

ಇದು ಹುಚ್ಚು ಧೈರ್ಯದ ಮಾತಾಗಿರಲಿಲ್ಲ. ಬಿಲ್ಲು, ಪ್ಯಾಕಿಂಗು, ಫೋನು ಎಂದು ಶೆಡ್ಡಿಗೆ ಬರತೊಡಗಿದವಳು ಅವಳು. ನಾನು ಫೋನಿನಲ್ಲಿ ಮಾತಾಡಲು ಹೊರಗೆ ಹೋಗುವಾಗೆಲ್ಲ “ಸ್ವಲ್ಪ ಈ ಹ್ಯಾಂಡಲ್ ಹಿಡ್ಕೊಂಡಿರು” ಅನ್ನುತ್ತಿದ್ದೆ. ನನ್ನ ಫೋನುಗಳು ಚಿಕ್ಕವಲ್ಲ. ಹಾಗೆ ಹಿಡಿದುಕೊಂಡು ಹಿಡಿದುಕೊಂಡೇ ಅವಳು ತಿರುವುವುದು, ತುಂಡಿನ ಮುಖ ಸಮ ಮಾಡುವುದು, ಕೊರೆಯುವುದು ಎಲ್ಲ ಕಲಿತಿದ್ದಳು. “ನಿಮ್ಮ ಪೀಸುಗಳಲ್ಲಿ ಕೆಲವು ಮಾತ್ರ ಬಾಳ ನೀಟಾಗಿರುತ್ವೆ ಸಾರ್” ಎಂದು ಗಿರಾಕಿಯೊಬ್ಬರು ಹೇಳಿದಾಗ, ಅವು ನಾನು ಫೋನಿನಲ್ಲಿದ್ದಾಗ ಆದವೆಂದು ನಾನು ಬಾಯಿ ಬಿಡಲಿಲ್ಲ.

ಆದರೂ ನನಗೆ ಭಯ. ಜಡೆ ಸಿಕ್ಕಿಕೊಂಡರೆ? ದುಪಟ್ಟಾ ಸುತ್ತಿಕೊಂಡರೆ? ಚೂರು ಕಣ್ಣಿಗೆ ಹಾರಿದರೆ? ನಾನು ಒಂದೊಂದೇ ಹೇಳುತ್ತ ಹೋದೆ. ಅವಳು ಒಂದೊಂದಕ್ಕೂ ತಲೆಯಾಡಿಸಿ, “ಹೀಗೆ ಹೆದರ್ಕೊಂಡು ಕೂತಿದ್ರೆ ಒಗ್ಗರಣೆನೂ ಹಾಕೋ ಹಾಗಿಲ್ಲ ಕಣ್ರೀ, ಸಾಸಿವೆ ಸಿಡಿಯುತ್ತೆ” ಎಂದಳು. ನಾನು ಅವಳಿಗೆ ಗೊತ್ತಾಗದಂತೆ ಪೀಣ್ಯದ ಹಳೇ ಮೆಷಿನ್ ವ್ಯಾಪಾರಿಯೊಬ್ಬರಿಗೆ ಫೋನ್ ಮಾಡಿದೆ. ಅವಳಿಗೆ ಅಂದೇ ಗೊತ್ತಾಯಿತು. ನನ್ನ ಫೋನುಗಳು ಚಿಕ್ಕವಲ್ಲದಿರುವ ಜೊತೆಗೆ ಮೆಲ್ಲಗಿನವೂ ಅಲ್ಲ.

ಜಗಳವಾಡಲಿಲ್ಲ. ಒಂದು ಒಪ್ಪಂದ ಮುಂದಿಟ್ಟಳು. ನಮ್ಮ ಸಾಲಿನಲ್ಲೇ ಎರಡು ಶೆಡ್ಡು ಆಚೆ, ಹೋಟೆಲುಗಳಿಗೆ ಹಿಟ್ಟು ಕಲಸುವ ಯಂತ್ರ ಮಾಡುವವರೊಬ್ಬರಿದ್ದಾರೆ. ಅವರಿಗೆ ಹಿತ್ತಾಳೆಯ ಬುಶ್ಶುಗಳು ಬೇಕಿದ್ದವು. ಬುಶ್ಶೆಂದರೆ ದಪ್ಪ ಬಳೆಯಂಥ ತುಂಡು, ನಡುವಿನ ತೂತು ನಟ್ಟನಡುವೆಯೇ ಇರಬೇಕು. ಮೊದಲು ಸ್ಯಾಂಪಲ್ ಕೊಡಿ, ಹಿಡಿಸಿದರೆ ಕೆಲಸವೆಲ್ಲ ನಿಮಗೇ ಎಂದಿದ್ದರು.

“ಅದನ್ನ ನಾನು ಮಾಡ್ತೀನಿ. ಪಾಸಾದ್ರೆ ಲೇತ್ ಮಾರೋ ಮಾತು ಎತ್ಬಾರದು. ಫೇಲಾದ್ರೆ ನಾನೇ ಆರತಿ ಎತ್ತಿ ಲಾರಿ ಹತ್ತಿಸ್ತೀನಿ. ಆಯ್ತಾ?”

ಆಯ್ತು ಎಂದೆ. ಪಾಸಾದರೆ ಅವಳ ಕೈಗೇನಾಗುತ್ತದೋ ಎಂಬ ಚಿಂತೆ, ಫೇಲಾದರೆ ಅವಳ ಮುಖ ಹೇಗಾಗುತ್ತದೋ ಎಂಬ ಚಿಂತೆ. ಎರಡಕ್ಕೂ ಸಮನಾಗಿ ನಿದ್ದೆ ಹಂಚಿದೆ.

ವ್ಯಾಪಾರಿ ವಿಜಯದಶಮಿಯ ದಿನ ಬರುತ್ತೇನೆಂದರು. ಒಳ್ಳೆಯ ದಿನ ಕೊಂಡರೆ ಒಳ್ಳೆಯದಂತೆ. ಹೆಂಡತಿಯೂ ಬುಶ್ಶು ಶುರುಮಾಡಲು ಅದೇ ದಿನ ಹಿಡಿದಿದ್ದಳು. ಒಳ್ಳೆಯ ದಿನ ಶುರುಮಾಡಿದರೆ ಒಳ್ಳೆಯದಂತೆ. ಪಂಚಾಂಗ ಇಬ್ಬರಿಗೂ ಹೂಂ ಅಂದಿತ್ತು.

ಹಿಂದಿನ ದಿನ ಆಯುಧಪೂಜೆ. ಬೊಮ್ಮಸಂದ್ರದಲ್ಲಿ ಆ ದಿನ ಮೆಷಿನುಗಳಿಗೆ ಅಭ್ಯಂಜನ, ಮನುಷ್ಯರಿಗೆ ಕಡಲೆಪುರಿ. ಬಾಗಿಲಿಗೆ ಬಾಳೆಕಂದು, ಫೋರ್ಕ್‌ಲಿಫ್ಟಿನ ಚಕ್ರದಡಿ ನಿಂಬೆಹಣ್ಣು, ರಸ್ತೆ ತುಂಬ ಒಡೆದ ಬೂದುಗುಂಬಳ; ಸ್ಕೂಟರಿನವರು ಅದರ ಮೇಲೆ ಜಾರಿ ಬೀಳದಂತೆ ಸುತ್ತಿ ಬಳಸಿ ಹೋಗುವ ದೃಶ್ಯ. ವ್ಯಾಪಾರಿ ನೋಡುವ ಮೆಷಿನ್ನೆಂದು ನಾನು ಆ ಸಲ ಅತಿ ಶುಚಿಗೆ ಬಿದ್ದೆ. ಬೆಣೆ ಹೊಡೆದು ಚಕ್ಕುಗಳನ್ನು ಆರ್ಬರಿನಿಂದ ಬಿಡಿಸಿ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಲಗೆಯ ಮೇಲೆ ಹರವಿದೆ.

ಪೂಜೆಗೆ ಆನೇಕಲ್ ಕಡೆಯ ಹಳ್ಳಿಯಿಂದ ನನ್ನ ತಾಯಿ ಬಂದಿದ್ದಳು. ಚೆಂಡುಹೂವಿನ ಹಾರ, ಒಂದು ಪೊಟ್ಟಣ ಕುಂಕುಮ, ಆ ಕುಂಕುಮ ಉದುರಬಾರದೆಂದು ಕಲಸಲು ಹರಳೆಣ್ಣೆ, ಎಲ್ಲ ತಯಾರು. ಹಲಗೆಯ ಮುಂದೆ ನಿಂತವಳಿಗೆ ಒಂದು ಸಮಸ್ಯೆ ಎದುರಾಯಿತು.

“ಇವುಕ್ಕೆ ಅಣೆನೇ ಇಲ್ವಲ್ಲೋ ಮಗಾ. ಎಲ್ಲಿಗಿಕ್ಲಿ ಕುಂಕ್ಮವ?”

“ಎಲ್ಲಾದ್ರೂ ಇಡಮ್ಮ” ಎಂದೆ.

ತಾಯಂದಿರಿಗೆ ಯಾವತ್ತೂ ಇಷ್ಟು ವಿಶಾಲವಾದ ಅನುಮತಿ ಕೊಡಬಾರದು. ಆರ್ಬರುಗಳ ಮೂಗಿಗೆ ದುಂಡಗೆ ಸುತ್ತಲೂ ಬಳಿದಳು. ಉದ್ದನೆಯ ತುದಿಗೆ ಪಟ್ಟೆ ಎಳೆದಳು. ಟೇಲ್‌ಸ್ಟಾಕಿನ ಬಾಯೊಳಗೆ ಬೆರಳು ಹೋದಷ್ಟು ದೂರ ಹಚ್ಚಿದಳು. “ಉಣ್ಣೋ ಬಾಯಿ ಕಣಪ್ಪಾ ಇದು. ಮೈಗೆಲ್ಲಾ ಇಕ್ಕಿ ಬಾಯಿಗಿಕ್ದೆ ಬುಟ್ರೆ ಎಂಗೆ?” ಆಮೇಲೆ, ಒಂಟಿ ಒಂಟಿಯಾಗಿ ಬಿದ್ದಿದ್ದ ಚಕ್ಕು ಆರ್ಬರುಗಳನ್ನು ಕಂಡು ಅವಳ ಜೀವ ತಡೆಯಲಿಲ್ಲ. ಥಳಥಳ ಚಕ್ಕಿನ ಪಕ್ಕ ಥಳಥಳ ಆರ್ಬರು, ಕಪ್ಪು ಚಕ್ಕಿನ ಪಕ್ಕ ಕಪ್ಪು ಆರ್ಬರು ಇಟ್ಟು, ಜೋಡಿಗೊಂದು ಹೂವು ಮುಡಿಸಿದಳು. “ನೋಡು, ಜೋಡಿ ಅಂದ್ರೆ ಇಂಗಿರ್ಬೇಕು.”

ನಾನು ನೋಡಲಿಲ್ಲ. ಕರ್ಪೂರದ ಆರತಿಗೂ ಸೀಮೆಎಣ್ಣೆಯ ಡಬ್ಬಕ್ಕೂ ನಡುವಿನ ಅಂತರವನ್ನು ಅಳೆಯುತ್ತಿದ್ದೆ.

ಮಾರನೆಯ ಬೆಳಿಗ್ಗೆ ಹೆಂಡತಿ ನನ್ನ ಹಳೆಯ ಕಾರ್ಖಾನೆಯ ಕೋಟು ತೊಟ್ಟು, ಜಡೆಯನ್ನು ಟೋಪಿಯೊಳಗೆ ತುರುಕಿ, ಬಳೆ ಬಿಚ್ಚಿಟ್ಟು, ಕನ್ನಡಕ ಹಾಕಿಕೊಂಡು ಬಂದಳು. ದುಪಟ್ಟಾದ ಸುಳಿವಿರಲಿಲ್ಲ. ನನ್ನ ಚಿಂತೆಗಳೆಲ್ಲ ಒಂದೇ ಏಟಿಗೆ ನಿರುದ್ಯೋಗಿಗಳಾದವು. ತಾಯಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮುಂದೆಯೇ ಕೂತಿದ್ದರಿಂದ ಪೂಜೆಯ ಕುಂಕುಮ ಒರೆಸುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಹಲಗೆಯ ಮೇಲೆ ಹೇಗಿತ್ತೋ ಹಾಗೇ ಥಳಥಳ ಜೋಡಿಯನ್ನು ಎತ್ತಿಕೊಂಡು, ಕೊಡತಿಯಿಂದ ತಟ್ಟಿ, ಟೇಲ್‌ಸ್ಟಾಕಿಗೆ ಸಿಕ್ಕಿಸಿದೆವು.

ಹಿತ್ತಾಳೆಗೆ ಡ್ರಿಲ್ ಮುಟ್ಟಿದ್ದೇ ತಡ, ಆರ್ಬರು ಟೇಲ್‌ಸ್ಟಾಕಿನ ಬಾಯೊಳಗೇ ಕೀರ್ರೆಂದು ತಿರುಗಿತು. ಹೆಂಡತಿ ತಕ್ಷಣ ಮೆಷಿನ್ ನಿಲ್ಲಿಸಿದಳು. ಎಳೆದು ನೋಡಿದರೆ ಬಾಯೆಲ್ಲ ಹರಳೆಣ್ಣೆ ಕುಂಕುಮದ ಪಾಯಸ.

“ಅತ್ತೆ, ಇದು ಜಾರುತ್ತೆ. ಒರೆಸ್ಬೇಕು.”

“ದ್ಯಾವ್ರು ಕುಂಕ್ಮವಾ? ಇವತ್ತೇ?”

“ಬಾಯಿಗಿಟ್ಟಿದ್ದಲ್ವಾ, ಉಂಡಾಯ್ತು ಅಂದ್ಕೊಳ್ಳಿ. ಬಾಯಿ ತೊಳಿಸೋದು ಬೇಡ್ವಾ?”

ತಾಯಿ ಯೋಚಿಸಿ, ಅದೂ ನ್ಯಾಯವೇ ಎಂದು ಒಪ್ಪಿದಳು. ಕೋಲಿಗೆ ಬಟ್ಟೆ ಸುತ್ತಿ ಬಾಯೊಳಗೆಲ್ಲ ಒರೆಸಿ, ಆರ್ಬರಿನ ಉದ್ದನೆಯ ತುದಿಯನ್ನೂ ಒಣಬಟ್ಟೆಯಿಂದ ತೀಡಿ ಮತ್ತೆ ಕೂರಿಸಿದೆವು. ಈ ಸಲ ಆರ್ಬರು ಕದಲಲಿಲ್ಲ. ಆದರೆ ಡ್ರಿಲ್ ಹಿತ್ತಾಳೆಗೆ ತಾಗಿದೊಡನೆ ಚಕ್ಕು ತಲೆಯಾಡಿಸತೊಡಗಿತು. ಹೌದು ಹೌದು, ಅಲ್ಲ ಅಲ್ಲ ಎಂದು, ಯಾವ ಪಕ್ಷಕ್ಕೆ ಓಟು ಹಾಕಬೇಕೆಂದು ಗೊತ್ತಿಲ್ಲದವರ ಹಾಗೆ. ತೂತು ಕೊರೆದದ್ದೇನೋ ಆಯಿತು. ಆದರೆ ಬುಶ್ಶಿನ ಒಂದು ಮಗ್ಗುಲು ದಪ್ಪ, ಇನ್ನೊಂದು ತೆಳು. ಎರಡನೆಯದೂ ಹಾಗೇ ಆಯಿತು. ಹೆಂಡತಿ ಎರಡನ್ನೂ ಪಕ್ಕಕ್ಕಿಟ್ಟು ಮೂರನೆಯ ತುಂಡು ಕಟ್ಟಿ, ಮತ್ತೆ ಮೆಷಿನ್ ಹಾಕಿದಳು.

ಸರಿಯಾಗಿ ಆ ಹೊತ್ತಿಗೆ ವ್ಯಾಪಾರಿ ಬಂದರು. “ಏನ್ ಸಾರ್, ಮೆಟ್ರೋ ಬದಲಾಯ್ಸಿ ಬದಲಾಯ್ಸಿ ಸಾಕಾಯ್ತು. ಪೀಣ್ಯದಿಂದ ಇಲ್ಲಿಗೆ ಬರೋದೂ ಒಂದೇ, ತಿರುಪತಿಗೆ ಹೋಗೋದೂ ಒಂದೇ.” ಬೆಲೆಯ ಮಾತು ಎತ್ತುವ ಮೊದಲು ಮೆಷಿನ್ನಿಗೊಂದು ಕಾಯಿಲೆ ಹುಡುಕುವುದು ಅವರ ವೃತ್ತಿಧರ್ಮ. ಆ ದಿನ ಹುಡುಕುವ ಶ್ರಮವೇ ಇರಲಿಲ್ಲ. ಚಕ್ಕು ಅವರ ಕಡೆಗೇ ತಲೆಯಾಡಿಸುತ್ತಿತ್ತು. ಮೆಷಿನ್ ನಿಲ್ಲಿಸಿಸಿ, ಡ್ರಿಲ್ಲನ್ನು ಹಿಡಿದು ಅಲ್ಲಾಡಿಸಿ, ನಾಲಿಗೆಯಲ್ಲಿ ಚ್ ಚ್ ಎಂದರು.

“ಟೇಲ್‌ಸ್ಟಾಕ್ ಮುಗ್ದೋಯ್ತು ಸಾರ್. ಬಾಯಿ ಅಗಲ ಆಗ್ಬಿಟ್ಟಿದೆ. ವಯಸ್ಸಾಯ್ತಲ್ಲ, ಏನ್ಮಾಡೋಕಾಗುತ್ತೆ.”

“ಯಾರಿಗೆ?” ಎಂದಳು ಹೆಂಡತಿ, ನನ್ನ ಕಡೆ ನೋಡಿ.

“ಮೆಷಿನ್‌ಗೆ ಮೇಡಂ, ಮೆಷಿನ್‌ಗೆ. ನೋಡಿ ಸಾರ್, ನಮ್ಮ ನಿಮ್ಮ ಪರಿಚಯಕ್ಕೆ ಅಂತ ಎತ್ಕೊಂಡ್ ಹೋಗ್ತೀನಿ. ಗುಜರಿ ಲೆಕ್ಕದಲ್ಲಿ ಹಾಕ್ಕೊಳಿ.”

ನಿಜ ಹೇಳಬೇಕೆಂದರೆ, ಬೆಳಿಗ್ಗೆಯಿಂದ ನನ್ನೊಳಗೊಬ್ಬ ಅಂಜುಬುರುಕ ಈ ಮಾತಿಗೇ ಕಾದು ಕೂತಿದ್ದ. ಲೇತು ಹೋದರೆ ಅವಳ ಬೆರಳು ಕ್ಷೇಮ, ನನ್ನ ನಿದ್ದೆ ಕ್ಷೇಮ. ಆದರೆ ಗುಜರಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆಲ್ಲಿಂದಲೋ ರೋಷ ಬಂತು. ಮನೆಯ ಹುಡುಗಿಯನ್ನು ನೋಡಲು ಬಂದವರು ಕಾಫಿ ಕುಡಿಯುತ್ತ ಕುಡಿಯುತ್ತ “ಮೂಗು ಸ್ವಲ್ಪ ದಪ್ಪ” ಎಂದ ಹಾಗಾಯಿತು. ದಪ್ಪವೆಂದು ನಾವು ಹೇಳಿಕೊಳ್ಳಬಹುದು, ಅವರು ಹೇಳಬಾರದು. ಆ ಬಾಯಿಯ ಸುತ್ತಳತೆಯನ್ನು ನನ್ನಷ್ಟು ಅನುಮಾನಿಸಿದವರು, ನನ್ನಷ್ಟು ಬಾರಿ ಅಳೆದವರು ಯಾರೂ ಇರಲಿಲ್ಲ. ಅದು ಅಗಲವಾಗಿರಲಿಲ್ಲ.

“ಇನ್ನೊಂದ್ಸಲ ಹಾಕು ನೋಡೋಣ” ಎಂದೆ ಹೆಂಡತಿಗೆ.

ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು. ಆ ದಿನ ಅವಳನ್ನು ಲೇತಿನ ಕಡೆಗೆ ತಳ್ಳುವ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ವೇಗ ತಗ್ಗಿಸಿ, ಡ್ರಿಲ್ಲನ್ನು ಮೆಲ್ಲಗೆ ಮುಂದೂಡಿದಳು. ಡ್ರಿಲ್ ಹಿತ್ತಾಳೆಯನ್ನು ಕಚ್ಚಿತು. ಅವಳು ಹಿಂದಕ್ಕೆ ಎಳೆದಾಗ ಆರ್ಬರೊಂದೇ ಹಿಂದೆ ಬಂತು. ಚಕ್ಕು ಬುಶ್ಶಿನ ಜೊತೆಗೇ ಉಳಿದು ಒಂದು ಸುತ್ತು ಹಾಕಿತು. ಅವಳು ಮೆಷಿನ್ ಆರಿಸುವಷ್ಟರಲ್ಲಿ ಕೆಳಗಿನ ತಟ್ಟೆಗೆ ಢಣ್ಣನೆ ಬಿತ್ತು.

“ಅಯ್ಯೋ ನನ್ ಕಂದಾ!” ಎಂದಳು ತಾಯಿ. ಸೊಸೆಗೋ, ಚಕ್ಕಿಗೋ, ಕಿವಿ ಮುಚ್ಚಿಕೊಂಡು ನಿಂತಿದ್ದ ನನಗೋ, ತಿಳಿಯಲಿಲ್ಲ.

“ನಾನ್ ಹೇಳ್ಲಿಲ್ವಾ ಸಾರ್?” ಎಂದರು ವ್ಯಾಪಾರಿ.

ನಾನು ಅವರ ಮಾತು ಕೇಳುತ್ತಿರಲಿಲ್ಲ. ಬೆತ್ತಲಾಗಿ ನಿಂತ ಆರ್ಬರಿನ ಮೂಗನ್ನು ನೋಡುತ್ತಿದ್ದೆ. ತಾಯಿ ಅದಕ್ಕೆ ಸುತ್ತಲೂ ಬಳಿದಿದ್ದ ಕುಂಕುಮವನ್ನು ನಾವು ಒರೆಸಿರಲಿಲ್ಲ. ಅದರ ಮೇಲೆಯೇ ಚಕ್ಕು ತಟ್ಟಿದ್ದೆವು. ಈಗ ಮೂಗಿನ ಬುಡದಲ್ಲಿ ಉಂಗುರದಷ್ಟು ಜಾಗದಲ್ಲಿ ಮಾತ್ರ ಕುಂಕುಮ ಉಜ್ಜಿಹೋಗಿ ಉಕ್ಕು ಮಿರುಗುತ್ತಿತ್ತು. ಅಲ್ಲಿಂದ ತುದಿಯವರೆಗೆ ಹಚ್ಚಿದ್ದು ಹಚ್ಚಿದ ಹಾಗೇ ಕೆಂಪಗಿತ್ತು. ಅಂದರೆ ಚಕ್ಕು ಆರ್ಬರನ್ನು ಬುಡದಲ್ಲಿ ಮಾತ್ರ ಮುಟ್ಟುತ್ತಿತ್ತು, ಒಳಗೆ ಪೂರಾ ಪೊಳ್ಳು.

ಕಾರ್ಖಾನೆಯಲ್ಲಿ ಇದನ್ನೇ ನಾವು ನೀಲಿ ಹಚ್ಚಿ ನೋಡುತ್ತಿದ್ದೆವು. ಎರಡು ಇಳಿಜಾರು ಹೊಂದುತ್ತವೋ ಇಲ್ಲವೋ ಎಂದು ತಿಳಿಯಲು ಒಂದಕ್ಕೆ ತೆಳುವಾಗಿ ನೀಲಿ ಬಣ್ಣ ಬಳಿದು, ಇನ್ನೊಂದರೊಳಗೆ ಕೂರಿಸಿ, ಸ್ವಲ್ಪ ತಿರುಗಿಸಿ ತೆಗೆಯುವುದು. ಉದ್ದಕ್ಕೂ ಒಂದೇ ಸಮ ಉಜ್ಜಿದ್ದರೆ ಕೂಡಿಬಂತು. ಒಂದು ಕಡೆ ಮಾತ್ರ ಉಜ್ಜಿದ್ದರೆ ಸಂಬಂಧ ಬೇಡ.

“ಅಮ್ಮ ಬ್ಲೂ ಹಚ್ಚಿದಾಳೆ ಕಣೇ!” ಎಂದು ಕೂಗಿದೆ.

“ಕೆಂಪಲ್ವೇನೋ ಅದು?” ಎಂದಳು ತಾಯಿ. “ಕಣ್ಣೂ ಓಯ್ತಾ ನಿಂಗೆ?”

ಹೆಂಡತಿ ಆರ್ಬರಿನ ಮೂಗನ್ನು ನೋಡಿದಳು, ತಟ್ಟೆಯಲ್ಲಿ ಬಿದ್ದ ಚಕ್ಕನ್ನು ನೋಡಿದಳು, ಹಲಗೆಯ ಮೇಲೆ ಹೂವು ಮುಡಿದು ಕೂತಿದ್ದ ಕಪ್ಪು ಜೋಡಿಯನ್ನು ನೋಡಿದಳು. “ರೀ, ಇದು ಆ ಚಕ್ಕಿಂದು. ಹಳೇ ಕಪ್ಪು ಚಕ್ಕಿನ ಬೆನ್ನಲ್ಲಿ ಯಾವಾಗ್ಲೂ ಇದೇ ಹೊಳೀತಿತ್ತು. ಅದಲು ಬದಲಾಗಿದೆ.”

ಇಬ್ಬರೂ ಸೇರಿ ಹಲಗೆಯ ಮೇಲೆ ಬಗ್ಗಿದೆವು. 'ಅಯ್ಯಮ್ಮಾ' ಎಂದಿತು ನನ್ನ ಸೊಂಟ. ಅವಳು ಥಳಥಳ ಆರ್ಬರಿನ ಮೂಗನ್ನು ಒರೆಸಿ, ಪೊಟ್ಟಣದ ಕುಂಕುಮಕ್ಕೆ ಒಂದು ತೊಟ್ಟು ಎಣ್ಣೆ ತಾಗಿಸಿ, ಬೆರಳ ತುದಿಯಿಂದ ಕಂಡೂ ಕಾಣದಷ್ಟು ತೆಳುವಾಗಿ ಬಳಿದಳು. ನಾನು ಕಪ್ಪು ಚಕ್ಕನ್ನು ಒಳಗೆಲ್ಲ ಒರೆಸಿ ಅದರ ಮೇಲೆ ಕೂರಿಸಿ, ತುಸು ತಿರುಗಿಸಿ, ಎಳೆದೆ. ಬುಡದಿಂದ ತುದಿಯವರೆಗೂ ಕುಂಕುಮ ಒಂದೇ ಸಮ ಉಜ್ಜಿತ್ತು. ವ್ಯಾಪಾರಿಯೂ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಒಬ್ಬ ಪುರೋಹಿತರ ಕೊರತೆ ಬಿಟ್ಟರೆ ಸಾಲಾವಳಿಯ ಸಭೆ ಪೂರ್ತಿಯಾಗಿತ್ತು.

ತಾಯಿಗೆ ಸಮಾಧಾನವಿಲ್ಲ. “ಕರೇ ಗಂಡಿಗೆ ಬೆಳ್ಳುನ್ ಎಣ್ಣಾ? ಒಂದಕ್ಕೊಂದು ಒಪ್ಪಾಕಿಲ್ಲ.”

“ನಮ್ಮದೂ ಹಾಗೇ ಅಲ್ವಾ ಅತ್ತೆ?” ಎಂದಳು ಹೆಂಡತಿ.

ತಾಯಿ ನನ್ನನ್ನು ಮೇಲಿಂದ ಕೆಳಗಿನವರೆಗೂ ಒಮ್ಮೆ ನೋಡಿ, “ಅದ್ಕೇ ಏಳಿದ್ದು” ಎಂದಳು.

ಎರಡನ್ನೂ ಒರೆಸಿ ಒಣಗಿಸಿ, ಚಕ್ಕಿನ ಮೂರು ಬೆರಳನ್ನೂ ಒಳಕ್ಕೆಳೆದು, ಕೊಡತಿಯಿಂದ ತಟ್ಟಿದೆ. ಟೇಲ್‌ಸ್ಟಾಕಿಗೆ ಸಿಕ್ಕಿಸಿದಾಗ ಟಕ್ ಎಂಬ ಒಂದೇ ಸದ್ದು. ಹೆಂಡತಿ ಹೊಸ ಹಿತ್ತಾಳೆಯ ತುಂಡು ಕಟ್ಟಿ, ಮೆಷಿನ್ ಹಾಕಿ, ಡ್ರಿಲ್ಲನ್ನು ಮುಂದೂಡಿದಳು. ಚಕ್ಕು ತಲೆಯಾಡಿಸಲಿಲ್ಲ. ಹಿತ್ತಾಳೆಯ ಪುಡಿ ಗೋಧಿನುಚ್ಚಿನ ಹಾಗೆ ಸುಮ್ಮನೆ ಸುರಿಯತೊಡಗಿತು. ಅವಳು ಹಿಡಿಯನ್ನು ಒಂದೇ ಹದದಲ್ಲಿ ತಿರುಗಿಸುತ್ತಿದ್ದಳು. ಮಧ್ಯೆ ಒಮ್ಮೆ ಡ್ರಿಲ್ ಹಿಂದಕ್ಕೆಳೆದು, ಕುಂಚದಿಂದ ಪುಡಿ ತಳ್ಳಿ, ಮತ್ತೆ ಮುಂದೂಡಿದಳು. ನಾನು ಅಂಥ ಕಡೆ ಅವಸರ ಮಾಡಿ ಡ್ರಿಲ್ ಮುರಿಯುವವನು.

ಬುಶ್ಶು ಕತ್ತರಿಸಿ ನನ್ನ ಅಂಗೈಗೆ ಹಾಕಿದಳು. ಇನ್ನೂ ಬಿಸಿಯಾಗಿತ್ತು. ವರ್ನಿಯರ್ ಹಿಡಿದು ಸುತ್ತಲೂ ಗೋಡೆಯ ದಪ್ಪ ಅಳೆದೆ. ನಂಬಿಕೆ ಬರದೆ ಇನ್ನೊಮ್ಮೆ ಅಳೆದೆ. ಬೆಳಕಿಗೆ ಹಿಡಿದು ನೋಡಿದೆ. ಏನಾದರೊಂದು ತಪ್ಪು ಸಿಕ್ಕರೆ ಒಳ್ಳೆಯದಿತ್ತೆಂದು ಹಳೆಯ ಅಭ್ಯಾಸ ಹುಡುಕುತ್ತಿತ್ತು. ಸಿಗಲಿಲ್ಲ.

“ಓಕೆ” ಎಂದೆ ಮೆಲ್ಲಗೆ.

“ಜೋರಾಗಿ ಹೇಳಿ. ಅವರು ಪೀಣ್ಯದಿಂದ ಬಂದಿದಾರೆ ಪಾಪ.”

ವ್ಯಾಪಾರಿಗೆ ಹೇಳಬೇಕಾಗಿರಲಿಲ್ಲ. ಬುಶ್ಶನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ್ದೇ ಅವರ ಮಾತಿನ ಧಾಟಿ ಬದಲಾಯಿತು. “ಸಕ್ಕತ್ತಾಗಿದೆ ಸಾರ್ ಮೆಷಿನ್! ಹಳೇ ಕಾಲದ ಕಬ್ಬಿಣ ಅಂದ್ರೆ ಇದೇ. ಟೇಲ್‌ಸ್ಟಾಕ್ ನೋಡಿ, ಬಂಡೆ ಥರ ಕೂತಿದೆ. ಗುಜರಿ ಮಾತು ಬಿಡಿ. ಫೋನಲ್ಲಿ ಹೇಳಿದ್ ರೇಟ್‌ಗೇ ಎತ್ಕೋತೀನಿ, ಇವತ್ತೇ ಟೆಂಪೋ ಕರೆಸ್ತೀನಿ. ಏನಂತೀರಾ?”

ಹೆಂಡತಿ ಕುಂಚ ಹಿಡಿದು, ಅದಾಗಲೇ ಗುಡಿಸಿದ್ದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು. ಸ್ಯಾಂಪಲ್ಲುಗಳು ಇನ್ನೂ ಪಾಸಾಗಿರಲಿಲ್ಲ. ಆದ್ದರಿಂದ ಒಪ್ಪಂದದ ಪ್ರಕಾರ ಲೇತು ಇನ್ನೂ ಅವಳದಾಗಿರಲಿಲ್ಲ. ಹೂಂ ಅನ್ನುವುದೂ ಊಹೂಂ ಅನ್ನುವುದೂ ನನ್ನ ಬಾಯಲ್ಲಿತ್ತು.

“ಆಗೋಲ್ಲ ಸಾರ್” ಎಂದೆ. “ನಮ್ಮ ಆಪರೇಟರ್ ಒಪ್ಪಲ್ಲ.”

“ಆಪರೇಟರ್ರಾ? ಯಾರ್ ಸಾರ್ ಅದು? ನಾನ್ ಮಾತಾಡ್ತೀನಿ ಬಿಡಿ.”

“ಇವರೇ.”

ಮದುವೆಯಾದಾಗಿನಿಂದ ಹೆಂಡತಿಯನ್ನು ನಾನು ಬಹುವಚನದಲ್ಲಿ ಕರೆದದ್ದು ಅದೇ ಮೊದಲಿರಬೇಕು. ಕುಂಚ ನಿಂತಿತು. ಟೋಪಿಯ ಕೆಳಗಿಂದ ಅವಳ ಕಿವಿ ಕೆಂಪಾದದ್ದು ಕಂಡಿತು, ಇಲ್ಲ, ಸೆಖೆಗಿರಬಹುದು. ನಾನು ಖಚಿತವಿಲ್ಲದ್ದನ್ನು ಬರೆಯಬಾರದು.

“ಒಪ್ಪಲ್ಲ ಸಾರ್” ಎಂದಳು ವ್ಯಾಪಾರಿಗೆ, ಬಹಳ ಗಂಭೀರವಾಗಿ. “ಪುರಿ ತಗೊಳಿ. ಹಬ್ಬದ ದಿನ ಬರೀ ಬಾಯಲ್ಲಿ ಹೋಗ್ಬಾರದು.”

ಅವರು ಪುರಿ ತಿಂದು, ತಾಯಿಯ ಕೈಯಿಂದ ತಾಂಬೂಲವನ್ನೂ ಇಸಿದುಕೊಂಡು, “ಆಪರೇಟರ್ ಜೊತೆ ಜಗಳ ಆದ್ರೆ ಫೋನ್ ಮಾಡಿ ಸಾರ್” ಎಂದು ನನ್ನ ಕಿವಿಯಲ್ಲಿ ಹೇಳಿ ಮೆಟ್ರೋ ಕಡೆ ನಡೆದರು.

ಉಳಿದ ಸ್ಯಾಂಪಲ್ಲುಗಳು ಊಟದ ಹೊತ್ತಿಗೆ ಮುಗಿದವು. ಅವನ್ನು ಡಬ್ಬಿಯಲ್ಲಿ ಹಾಕಿಕೊಂಡು ಹಿಟ್ಟಿನ ಯಂತ್ರದವರ ಶೆಡ್ಡಿಗೆ ಹೋದೆ. ಎರಡು ಶೆಡ್ಡು ದಾಟುವುದರೊಳಗೆ ಡಬ್ಬಿ ಬಿದ್ದರೆ, ಅವರಿಲ್ಲದಿದ್ದರೆ, ಇದ್ದು ಸಿಟ್ಟಿನಲ್ಲಿದ್ದರೆ ಎಂದೆಲ್ಲ ಯೋಚಿಸಿದೆ. ಅವರಿದ್ದರು. ಒಂದೊಂದೇ ಬುಶ್ಶನ್ನು ತಮ್ಮ ಯಂತ್ರದ ದಂಡಕ್ಕೆ ತೊಡಿಸಿ, ಬೆರಳಲ್ಲಿ ತಿರುಗಿಸಿ, ಬಿಟ್ಟು ನೋಡಿದರು. ಎಲ್ಲವೂ ಸರಾಗವಾಗಿ ಸುತ್ತಿದವು. “ಇದು ನೀವ್ ಮಾಡಿದ್ದಲ್ಲ ಬಿಡಿ” ಎಂದರು ನಗುತ್ತ. ಪಾಸು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಮಾತನ್ನು ಕಾರ್ಖಾನೆಯಲ್ಲೂ ನಾನು ಕೇಳಿರಲಿಲ್ಲ. ಉಳಿದ ಬುಶ್ಶುಗಳಿಗೂ ಹಿತ್ತಾಳೆ ಕಳಿಸುತ್ತೇನೆಂದರು.

ವಾಪಸು ಬಂದಾಗ ತಾಯಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಹೆಂಡತಿ ಲೇತಿಗೆ ಬೆನ್ನು ಕೊಟ್ಟಿರಲಿಲ್ಲ, ನನಗೆ ಕೊಟ್ಟಿದ್ದಳು. ಇದ್ದಬದ್ದ ಹಿತ್ತಾಳೆಯ ಇನ್ನೊಂದು ತುಂಡನ್ನು ಆಗಲೇ ಕಟ್ಟಿ, ಮುಖ ಸಮ ಮಾಡುತ್ತಿದ್ದಳು. ಫಲಿತಾಂಶಕ್ಕೆ ಕಾಯುವವರು ಮಾಡುವ ಕೆಲಸವಲ್ಲ ಅದು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಕನ್ನಡಕ ಸರಿಯಾಗಿ ಹಾಕಿಕೊಂಡಿದ್ದಾಳಾ, ತೋಳು ಬಿಗಿಯಾಗಿದೆಯಾ, ಒಂದೊಂದಾಗಿ ನೋಡಿದೆ.

“ಏನಂದ್ರು?” ಎಂದಳು, ತಿರುಗದೆ.

“ಉಳಿದಿದ್ದೂ ನಾವೇ ಮಾಡ್ಬೇಕಂತೆ.”

“ಹಾಗಾದ್ರೆ ಆ ಕಡೆ ನಿಂತ್ಕೊಳಿ. ಬೆಳಕಿಗೆ ಅಡ್ಡ ಬರ್ತಿದೀರ.”